ಸುಳಿ ನೋಡಿ ಕುದುರೆ ಹೇಳಿ

ಮಾಗಡಿ ತಿರುಮಲೆ ರಂಗನಾಥಸ್ವಾಮಿ ಜಾತ್ರೆಗೆ ಹಳ್ಳಿಕಾರ್ ಹೋರಿ ಕೊಳ್ಳಲು ಬಂದವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ, ಆಮೇಲೆ ಮೈಮೇಲೆ ಕೈಯಾಡಿಸುತ್ತಾ ಸುಳಿ ಹುಡುಕುತ್ತಾರೆ. ಸುಳಿ ಶುದ್ಧವಾಗಿದ್ದರೆ ರೇಟು ಏರಿತೆಂದೇ ಲೆಕ್ಕ. ಕಣ್ಣ ಕೆಳಗೊಂದು ಸುಳಿ ಕಂಡರೆ ಮನೆಗೆ ಕಣ್ಣೀರು ತರುತ್ತದೆಂದು ವ್ಯಾಪಾರ ಅಲ್ಲಿಗೇ ಮುರಿಯುತ್ತದೆ. ಕುದುರೆಯ ವಿಷಯದಲ್ಲಂತೂ ಈ ನಂಬಿಕೆ ಇನ್ನೂ ಬಿಗಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಪಶುವೈದ್ಯನಾಗಿ ದುಡಿದ ನನಗೂ ಸುಳಿ ಬಹಳ ಮುಖ್ಯ, ಆದರೆ ಕಾರಣ ಬೇರೆ. ಇದು ಅದೇ ಕುದುರೆ ಎಂದು ಸಾಬೀತು ಮಾಡಲು ಬರಿಗಣ್ಣಿಗೆ ಕಾಣುವ ಗುರುತುಗಳಲ್ಲಿ ಸುಳಿಯಷ್ಟು ನಂಬಿಕಸ್ಥವಾದದ್ದು ಮತ್ತೊಂದಿಲ್ಲ.

ರಾಮನಗರದ ಕುದುರೆ ಎಂದರೆ ಹಲವರಿಗೆ ನೆನಪಾಗುವುದು 1975ರ ‘ಶೋಲೆ’ಯ ಡಕಾಯಿತರ ಕುದುರೆಗಳು. ಜಟಕಾ ಗಾಡಿಗಳ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಈಗ ಉಳಿದಿರುವುದು ಮದುವೆ, ಉತ್ಸವಗಳ ಮೆರವಣಿಗೆಗೆ ಬಾಡಿಗೆ ಹೋಗುವವು, ರೆಸಾರ್ಟುಗಳಲ್ಲಿ ಸವಾರಿಗೆ ನಿಂತವು, ಆಸೆಪಟ್ಟು ಸಾಕಿದವು. ಮಾಗಡಿಯಿಂದ ಪಡುವಣಕ್ಕೆ ಹೋದರೆ ಕುಣಿಗಲ್ ಸಿಗುತ್ತದೆ. ಟಿಪ್ಪುವಿನ ದಂಡಿಗೆ ಕುದುರೆ ಬೆಳೆಸಿದ ಅಲ್ಲಿನ ಫಾರಂ ಆಮೇಲೆ ರೇಸ್ ಕುದುರೆಗಳಿಗೆ ಹೆಸರಾಯಿತು.

ಗುರುತಿನ ಬಗ್ಗೆ ನನಗೇಕೆ ಇಷ್ಟು ಹಟ ಎಂದರೆ ಗ್ಲಾಂಡರ್ಸ್ ಎಂಬ ಕಾಯಿಲೆ. ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಬರುವ ಈ ರೋಗ ಮನುಷ್ಯರಿಗೂ ಅಂಟುತ್ತದೆ. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದವರೆಗೆ ಹೋಗುತ್ತದೆ. ರೋಗ ಖಚಿತವಾದರೆ ಚಿಕಿತ್ಸೆಯ ಮಾತಿಲ್ಲ, 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆಯಂತೆ ಆ ಪ್ರಾಣಿಗೆ ದಯಾಮರಣ ಕೊಡಬೇಕು. ‘ಬಿಳಿ ಹೆಣ್ಣು ಕುದುರೆ, ವಯಸ್ಸು ಎಂಟು’ ಎಂದಷ್ಟೇ ಮಾದರಿಯ ಚೀಟಿಯಲ್ಲಿ ಬರೆದಿದ್ದರೆ ಅದು ಒಂದೇ ಲಾಯದ ಮೂರು ಕುದುರೆಗೂ ಹೊಂದುತ್ತದೆ. ಆಗ ಯಾವುದನ್ನು ಉಳಿಸುವುದು, ಯಾವುದನ್ನು ಕಳೆಯುವುದು?

‘ಬಿಳಿ’ ಎಂದು ಬರೆಯುವುದರಲ್ಲೇ ತೊಡಕಿದೆ. ನಾವು ಬಿಳಿ ಎನ್ನುವ ಕುದುರೆಗಳಲ್ಲಿ ಬಹುಪಾಲು ಹುಟ್ಟುವಾಗ ಕಪ್ಪೋ ಕಂದೋ ಕೆಂಪೋ ಇರುತ್ತವೆ. ವರ್ಷ ಕಳೆದಂತೆ ಕೂದಲು ನರೆತು ಬೂದಾಗಿ, ಚುಕ್ಕೆಚುಕ್ಕೆಯಾಗಿ, ಕೊನೆಗೆ ಬೆಳ್ಳಗಾಗುತ್ತದೆ. ಮೂರು ವರ್ಷದ ಹಿಂದಿನ ಕಾಗದದಲ್ಲಿ ಕಡುಬೂದು ಎಂದಿದ್ದ ಕುದುರೆ ಈಗ ಹಾಲಿನ ಬಣ್ಣದಲ್ಲಿ ಎದುರು ನಿಂತಿರುತ್ತದೆ. ಇದಕ್ಕೆ ಕಾರಣವಾದ ವಂಶವಾಹಿಯ ಬದಲಾವಣೆಯನ್ನು ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು 2008ರಲ್ಲಿ ಗುರುತಿಸಿದರು. ಅದೇ ಬದಲಾವಣೆ ವಯಸ್ಸಾದಾಗ ಬಾಲದ ಬುಡದಲ್ಲಿ ಕಪ್ಪು ಗಂಟುಗಳನ್ನೂ ತರುತ್ತದೆ. ಹಾಗಾಗಿ ಕುದುರೆ ಸಾಕಿದವರು ಆಗಾಗ ಬಾಲ ಎತ್ತಿ ನೋಡುತ್ತಿರಬೇಕು.

ನರೆತ ಕುದುರೆಯ ಹಣೆಯಲ್ಲಿ ಹುಟ್ಟಿನಿಂದ ಇದ್ದ ಬಿಳಿ ಚುಕ್ಕಿ ಏನಾಯಿತು? ಸುತ್ತಲಿನ ಬಿಳಿಯಲ್ಲಿ ಸೇರಿಹೋಯಿತು, ಆದರೆ ಅಳಿಸಿಹೋಗಿಲ್ಲ. ಒಂದು ಚೊಂಬು ನೀರು ತಂದು ಹಣೆಯನ್ನು ಚೆನ್ನಾಗಿ ನೆನೆಸಿ. ಕೂದಲು ಚರ್ಮಕ್ಕೆ ಅಂಟಿದಾಗ ಹಣೆಯೆಲ್ಲ ಕಪ್ಪು ಛಾಯೆಗೆ ತಿರುಗಿ, ನಡುವೆ ಹಳೆಯ ಚುಕ್ಕಿ ಇದ್ದಷ್ಟೇ ಜಾಗ ಗುಲಾಬಿಯಾಗಿ ಕಾಣುತ್ತದೆ. ಹುಟ್ಟಿನ ಬಿಳಿ ಗುರುತಿನ ಅಡಿ ಚರ್ಮಕ್ಕೂ ಬಣ್ಣವಿರುವುದಿಲ್ಲ. ಭ್ರೂಣ ಬೆಳೆಯುವಾಗ ಬಣ್ಣದ ಕಣಗಳು ಬೆನ್ನಿನ ಕಡೆಯಿಂದ ಹೊರಟು ಮೈಯೆಲ್ಲ ಹರಡುತ್ತವೆ. ಹಣೆ, ಮೂತಿ, ಕಾಲಿನ ತುದಿ ಅವಕ್ಕೆ ದೂರದ ಜಾಗಗಳು. ತಲುಪದೆ ಉಳಿದ ಕಡೆ ಬಿಳಿ ಉಳಿಯುತ್ತದೆ. ತದ್ರೂಪಿ (ಕ್ಲೋನ್) ಕುದುರೆಗಳಲ್ಲೂ ಈ ಬಿಳಿಯ ಅಂಚು ಮೂಲ ಕುದುರೆಯಂತೆ ತಾಳೆಯಾಗುವುದಿಲ್ಲ.

ಹಣೆಯಲ್ಲಿ ಚುಕ್ಕಿ, ಮೂಗಿನುದ್ದ ಇಳಿದ ನಾಮ, ಹೊಳ್ಳೆಗಳ ನಡುವೆ ಬಿಳಿ ಮಚ್ಚೆ, ಇವೆಲ್ಲ ನೋಡಿದೊಡನೆ ಕಾಣುತ್ತವೆ. ಬರೆಯುವಾಗ ಚುಕ್ಕಿ ಯಾವ ಕಣ್ಣಿನ ಕಡೆಗೆ ವಾಲಿದೆ, ನಾಮ ಎಲ್ಲಿ ತುಂಡಾಗಿದೆ ಎಂಬುದನ್ನು ಬಿಡಬಾರದು. ನಾಲ್ಕು ಕಾಲೂ ಬಿಳಿ, ಮುಖದಲ್ಲೂ ಬಿಳಿ ಇದ್ದರೆ ಅದು ಪಂಚಕಲ್ಯಾಣಿ. ಶುಭವೆಂದು ಬೆಲೆ ಹೆಚ್ಚು. ಆದರೆ ಪಂಚಕಲ್ಯಾಣಿ ಎಂಬ ಒಂದೇ ಮಾತಿನಿಂದ ಎರಡು ಪಂಚಕಲ್ಯಾಣಿಗಳನ್ನು ಬೇರೆ ಮಾಡಿ ಹೇಳಲಾಗದು. ಬಿಳಿ ಗೊರಸಿನ ಅಂಚಿಗೇ ನಿಂತಿದೆಯೋ, ಮಂಡಿವರೆಗೆ ಏರಿದೆಯೋ, ಪ್ರತಿ ಕಾಲಿಗೂ ಬೇರೆಬೇರೆ ಬರೆಯಬೇಕು. ಮೆರವಣಿಗೆ ಕುದುರೆಗಳಿಗೆ ಮೆಹಂದಿ, ಅರಿಶಿನ ಬಳಿದಿರುತ್ತಾರಲ್ಲ, ಅದು ಹೋಗುವಂತೆ ತೊಳೆಸಿಯೇ ನೋಡಬೇಕು. ಬೆನ್ನಮೇಲೆ ಅಲ್ಲಲ್ಲಿ ಬಿಳಿ ಕೂದಲಿದ್ದರೆ ಅದು ಜೀನು ಉಜ್ಜಿ ಆದ ಹಳೆಯ ಗಾಯ. ಆ ಗುರುತು ನೋಡಿದಾಗಲೆಲ್ಲ ನನ್ನ ಮನಸ್ಸು ನೋಯುತ್ತದೆ, ಆದರೂ ಅದನ್ನೂ ಬರೆಯುತ್ತೇನೆ.

ಮೈಯಲ್ಲಿ ಬಿಳಿಯ ಸುಳಿವೇ ಇಲ್ಲದ ಕಂದು ಕುದುರೆ ಬಂದಾಗ ಕೈಹಿಡಿಯುವುದು ಸುಳಿಯೊಂದೇ. ಕೂದಲು ಒಂದು ಬಿಂದುವಿನ ಸುತ್ತ ತಿರುಗಿ ನಿಂತ ಈ ಜಾಗ ತಾಯಿಯ ಹೊಟ್ಟೆಯಲ್ಲೇ ನಿಶ್ಚಯವಾಗುತ್ತದೆ. ವಯಸ್ಸಿಗೆ ಬದಲಾಗದು, ನರೆತರೂ ಹೋಗದು, ಕೂದಲು ಕತ್ತರಿಸಿದರೆ ಮತ್ತೆ ಹಾಗೆಯೇ ಬರುತ್ತದೆ. ಹಣೆಯಲ್ಲಿ ಕಣ್ಣುಗಳ ಮಟ್ಟಕ್ಕಿಂತ ಮೇಲೋ ಕೆಳಗೋ, ಒಂದೋ ಎರಡೋ, ಕುತ್ತಿಗೆಯ ಎರಡೂ ಬದಿ ಜೂಲಿನ ಕೆಳಗೆ, ಎದೆಯಲ್ಲಿ, ಪಕ್ಕೆಯ ಕೊನೆಯಲ್ಲಿ ಹುಡುಕಬೇಕು. ಕುದುರೆಯ ಪಾಸ್‌ಪೋರ್ಟಿನಲ್ಲಿ ಎರಡು ಪಕ್ಕ, ಮುಖ, ಕಾಲುಗಳ ಗೆರೆಚಿತ್ರ ಅಚ್ಚಾಗಿರುತ್ತದೆ. ಅದರಲ್ಲಿ ಬಿಳಿ ಗುರುತನ್ನು ಕೆಂಪು ಶಾಯಿಯಲ್ಲಿ, ಸುಳಿಯನ್ನು ಕಪ್ಪು ಶಾಯಿಯ ಕತ್ತರಿ ಗುರುತಿನಲ್ಲಿ ಹಾಕುವುದು ರೂಢಿ. ರೇಸ್ ಕುದುರೆಗಳಿಗೆ ಈಗ ಕುತ್ತಿಗೆಯ ಎಡಗಡೆ ಗುರುತಿನ ಚಿಪ್ ಹಾಕುತ್ತಾರೆ. ಮೆರವಣಿಗೆ ಕುದುರೆಗೆ ಆ ಅನುಕೂಲ ಎಲ್ಲಿಂದ ಬರಬೇಕು?

ಸುಳಿ ನೋಡುವ ನಮ್ಮ ಹಿರಿಯರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸುಮಾರು 1400ರಲ್ಲಿ ಅಭಿನವಚಂದ್ರ ಕುದುರೆ ವೈದ್ಯದ ಬಗ್ಗೆ ಕನ್ನಡದಲ್ಲೇ ಗ್ರಂಥ ಬರೆದಷ್ಟು ಹಳೆಯ ವಿದ್ಯೆ ನಮ್ಮಲ್ಲಿದೆ. 1995ರಲ್ಲಿ ಅಮೆರಿಕದ ಟೆಂಪಲ್ ಗ್ರಾಂಡಿನ್ ಮತ್ತು ಸಂಗಡಿಗರು, ಹಣೆಯ ಸುಳಿ ಕಣ್ಣಿಗಿಂತ ಮೇಲಿರುವ ದನಗಳು ಕಟ್ಟಿಹಾಕಿದಾಗ ಹೆಚ್ಚು ಗಾಬರಿಯಾಗುತ್ತವೆಂದು ತೋರಿಸಿದರು. ಸುಳಿಗೂ ಸ್ವಭಾವಕ್ಕೂ ಏನೋ ನಂಟಿರಬಹುದು. ಆದರೆ ಕಣ್ಣ ಕೆಳಗಿನ ಸುಳಿ ಯಜಮಾನನ ಮನೆ ಮುರಿಯುತ್ತದೆಂದು ಗಟ್ಟಿಮುಟ್ಟಾದ ಹೆಣ್ಣು ಕುದುರೆಯನ್ನು ಕೈಯಿಂದ ಕೈಗೆ ದಾಟಿಸಿ, ಕೊನೆಗೆ ಹುಲ್ಲಿಗೂ ಗತಿಯಿಲ್ಲದ ಕಡೆ ತಳ್ಳುವುದನ್ನು ನಾನು ಒಪ್ಪಲಾರೆ.

ಕುದುರೆ ಇಟ್ಟುಕೊಂಡವರು ಈ ವಾರವೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಎರಡು ಪಕ್ಕ, ಎದುರು, ಹಿಂದೆ, ಮುಖ ಹತ್ತಿರದಿಂದ, ಪ್ರತಿ ಸುಳಿಯೂ ಬೇರೆಯಾಗಿ. ಮಧ್ಯಾಹ್ನದ ಬಿಸಿಲು ಬೇಡ, ಹೊಳಪಿನಲ್ಲಿ ಸುಳಿ ಕಾಣುವುದಿಲ್ಲ. ಬೆಳಗ್ಗೆ, ಮೈ ತೊಳೆದು ಒಣಗಿದ ಮೇಲೆ, ಜೂಲನ್ನು ಒಂದು ಬದಿಗೆ ಎತ್ತಿ ಹಿಡಿದು ತೆಗೆಯಿರಿ. ಒಂದು ಪ್ರತಿಯನ್ನು ನಿಮ್ಮ ಪಶು ಆಸ್ಪತ್ರೆಗೂ ಕೊಡಿ.