ಇಸಿಜಿ ‘ನಾರ್ಮಲ್’ ಅಂದರೆ ಏನು?

“ಇಸಿಜಿ ಮಾಡಿಸಿದ್ವಿ, ನಾರ್ಮಲ್ ಅಂತೆ. ನೀನೇನೂ ಯೋಚನೆ ಮಾಡಬೇಡ.” ಊರಿಂದ ಫೋನಿನಲ್ಲಿ ಈ ಮಾತು ಕೇಳದವರು ನಮ್ಮ ಸಂಘದಲ್ಲಿ ಕಮ್ಮಿ. ಇಷ್ಟು ದೂರದ ಅಮೆರಿಕದಲ್ಲಿ ಕೂತ ನಮಗೆ ಅಷ್ಟು ಕೇಳಿದರೆ ಸಾಕು, ನೆಮ್ಮದಿ. ಈ ವರ್ಷ ನಾವು ಮೂವರು ಸೇರಿ ಇಸಿಜಿ ಓದುವ ಒಂದು ಪ್ರೋಗ್ರಾಮನ್ನು ಕೋರ್ಸ್ ಪ್ರಾಜೆಕ್ಟ್ ಆಗಿ ಬರೆದೆವು. ಆ ‘ನಾರ್ಮಲ್’ ಅನ್ನೋ ಪದವನ್ನು ಎಷ್ಟು ನಂಬಬೇಕು ಅನ್ನೋದು ಆಗ ಅರ್ಥವಾಯಿತು.

ಗೆರೆ ಏನು ಹೇಳುತ್ತೆ?

ಪ್ರತಿ ಬಡಿತಕ್ಕೂ ಮುಂಚೆ ಹೃದಯದ ಸ್ನಾಯುವಿನಲ್ಲಿ ಒಂದು ಪುಟ್ಟ ವಿದ್ಯುತ್ ಅಲೆ ಹರಿಯುತ್ತದೆ. ಮೈಮೇಲೆ ಅಂಟಿಸಿದ ಎಲೆಕ್ಟ್ರೋಡುಗಳು ಅದನ್ನು ಹಿಡಿದು ಗೆರೆಯಾಗಿ ಬರೆಯುತ್ತವೆ. ಅದರ ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟವರು ನೆದರ್ಲೆಂಡ್ಸಿನ ವಿಲ್ಲೆಮ್ ಐಂಟ್‌ಹೋವನ್. ಇಸಿಜಿಯ ಕೆಲಸಕ್ಕಾಗಿ ಅವರಿಗೆ 1924ರಲ್ಲಿ ನೊಬೆಲ್ ಬಂತು.

ಎಸ್ ಮುಗಿದು ಟಿ ಶುರುವಾಗುವವರೆಗಿನ ತುಂಡಿಗೆ ಎಸ್‌ಟಿ ಅಂತ ಹೆಸರು. ಸಾಮಾನ್ಯವಾಗಿ ಅದು ಮಟ್ಟಸವಾಗಿರುತ್ತದೆ. ಹೃದಯಕ್ಕೇ ರಕ್ತ ಕೊಡುವ ಕರೋನರಿ ನಾಳ ಕಿರಿದಾಗಿ ರಕ್ತ ಸಾಲದೆ ಹೋದರೆ ಅದನ್ನು ಇಸ್ಕೀಮಿಯಾ ಅನ್ನುತ್ತಾರೆ. ಆಗ ಎಸ್‌ಟಿ ಕೆಳಗಿಳಿಯಬಹುದು. ನಾಳ ಪೂರ್ತಿ ಮುಚ್ಚಿಹೋದರೆ ಅನೇಕ ಸಲ ಅದು ಮೇಲೇಳುತ್ತದೆ. ನಾವು ಹುಡುಕುವ ಇಳಿತ 0.1 ಮಿಲಿವೋಲ್ಟ್ ಆಸುಪಾಸಿನದು, ಇಸಿಜಿ ಕಾಗದದ ಮೇಲೆ ಬರೀ 1 ಮಿಲಿಮೀಟರ್.

ಕಂಪ್ಯೂಟರ್ ಏನು ಮಾಡುತ್ತೆ?

ಮೊದಲು ಗೆರೆಯನ್ನು ಸೋಸಬೇಕು. ಉಸಿರಾಡಿದಾಗ ಗೆರೆ ತೂಗಾಡುತ್ತದೆ. ಜೊತೆಗೆ ಕರೆಂಟಿನ ಗದ್ದಲವೂ ಸೇರುತ್ತದೆ, ಊರಲ್ಲಾದರೆ 50 ಹರ್ಟ್ಸ್, ಇಲ್ಲಿ 60. ಆಮೇಲೆ ಎತ್ತರದ ಆರ್ ಮೊನೆಗಳನ್ನು ಪತ್ತೆಹಚ್ಚಬೇಕು. ಇದಕ್ಕೆ ನಾವು ಬಳಸಿದ್ದು 1985ರ ಪ್ಯಾನ್–ಟಾಂಪ್ಕಿನ್ಸ್ ವಿಧಾನ. ಕೊನೆಗೆ, ಆರ್‌ಗೆ ಮುಂಚಿನ ಸಪಾಟು ಭಾಗವನ್ನು ಸೊನ್ನೆ ಅಂತಿಟ್ಟುಕೊಂಡು ಎಸ್‌ಟಿ ಎಷ್ಟು ಜಾರಿದೆ ಅಂತ ಪ್ರತಿ ಬಡಿತದಲ್ಲೂ ಅಳೆಯಬೇಕು.

ಅಳೆಯೋದು ಸುಲಭವೇ. ನಾವು ಸಿಕ್ಕಿಹಾಕಿಕೊಂಡಿದ್ದು ಅಳತೆಯ ಅರ್ಥ ಹೇಳುವಾಗ. ಪರೀಕ್ಷೆಗೆ ಬಳಸಿದ್ದು ಲಾಂಗ್ ಟರ್ಮ್ ಎಸ್‌ಟಿ ಡೇಟಾಬೇಸ್. ಅದರಲ್ಲಿ 86 ದಾಖಲೆಗಳಿವೆ, ಒಂದೊಂದೂ 21ರಿಂದ 24 ಗಂಟೆಯದು. ನಮ್ಮ ಪ್ರೋಗ್ರಾಮ್ “ಇಸ್ಕೀಮಿಯಾ!” ಅಂತ ಕೂಗಿದ ಹಲವು ಕಡೆ ತಜ್ಞರು ಗುರುತು ಹಾಕಿದ್ದು ಬೇರೆಯೇ: ಆ ಮನುಷ್ಯ ಮಗ್ಗುಲು ಬದಲಿಸಿದ್ದ, ಅಷ್ಟೇ! ಮೈ ಹೊರಳಿದರೆ ಎದೆಯೊಳಗೆ ಹೃದಯದ ಭಂಗಿ ಬದಲಾಗಿ ಗೆರೆಯೂ ಜಾರುತ್ತದೆ. ಆ ಜಾರುವಿಕೆ ಮೆಟ್ಟಿಲಿನಂತೆ ಥಟ್ಟನೆ ಆಗುತ್ತದೆ, ಆರ್ ಮೊನೆಯ ಆಕಾರವೂ ಜೊತೆಗೇ ಬದಲಾಗುತ್ತದೆ. ಇಸ್ಕೀಮಿಯಾ ಹಾಗಲ್ಲ, ಸಾಮಾನ್ಯವಾಗಿ ನಿಧಾನಕ್ಕೆ ಇಳಿದು ನಿಧಾನಕ್ಕೆ ಏರುತ್ತದೆ. ಈ ವ್ಯತ್ಯಾಸವನ್ನು ಕಲಿಸಿದ ಮೇಲೆ ಸುಳ್ಳು ಎಚ್ಚರಿಕೆಗಳು ಕಡಿಮೆಯಾದವು. ಆದರೆ ನಿಜವಾದ ಕೆಲವು ಕೂಡ ಕೈತಪ್ಪಿದವು. ಸುಳ್ಳು ಕೂಗು ಬೇಡ ಅಂದರೆ ನಿಜವಾದ ಕೂಗೂ ಅಡಗುತ್ತದೆ. ಎರಡನ್ನೂ ಒಟ್ಟಿಗೆ ಸರಿಪಡಿಸೋದು ನಮ್ಮ ಕೈಲಿ ಆಗಲಿಲ್ಲ.

ಹಾಗಾದರೆ ‘ನಾರ್ಮಲ್’?

ಆಸ್ಪತ್ರೆಯ ಮಾಮೂಲಿ ಇಸಿಜಿ ನೋಡೋದು ಸುಮಾರು 10 ಸೆಕೆಂಡು, ಅದೂ ಮಲಗಿರುವಾಗ. ನಾಳ ಕಿರಿದಾಗಿದ್ದರೂ ವಿಶ್ರಾಂತಿಯಲ್ಲಿ ರಕ್ತ ಸಾಕಾಗಬಹುದು, ಗೆರೆ ಚೆನ್ನಾಗೇ ಕಾಣಬಹುದು. ಅದಕ್ಕೇ ಡಾಕ್ಟರು ಟ್ರೆಡ್‌ಮಿಲ್ ಮೇಲೆ ನಡೆಸುವುದು, ಇಡೀ ದಿನ ಹೋಲ್ಟರ್ ಕಟ್ಟುವುದು. ನಾವು ಊರಿಗೆ ಉಡುಗೊರೆ ಒಯ್ಯುವ ವಾಚು ಇಸಿಜಿ ತೋರಿಸಿದರೂ ಅದು ಒಂದೇ ದಿಕ್ಕಿನ ನೋಟ. ಬಡಿತದ ತಾಳ ತಪ್ಪಿದ್ದನ್ನು ಹೇಳೀತು, ಹೃದಯಾಘಾತವನ್ನು ಪತ್ತೆಹಚ್ಚುವುದಿಲ್ಲ.

52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು 53, ಉಳಿದವರಿಗೆ ಸುಮಾರು 59. ಐವತ್ಮೂರು ಅಂದರೆ ನಮ್ಮ ಅಪ್ಪ ಅಮ್ಮಂದಿರ ವಯಸ್ಸು.

ಸಮಾಧಾನದ ಸಂಗತಿಯೂ ಇದೆ. ಕರ್ನಾಟಕದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಓದಿ, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಜೋಡಿಸುತ್ತಾರೆ. ಯಂತ್ರ ಬೇಗ ತೋರಿಸಲಿ, ತೀರ್ಮಾನ ಡಾಕ್ಟರು ಮಾಡಲಿ. ನಮ್ಮ ಪ್ರಾಜೆಕ್ಟು ಕಲಿಸಿದ್ದೂ ಅದನ್ನೇ.

ಮುಂದಿನ ಸಲ ಮನೆಗೆ ಫೋನ್ ಮಾಡಿದಾಗ ರಿಪೋರ್ಟ್ ಒಂದನ್ನೇ ಕೇಳಬೇಡಿ. “ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತಾ? ಉಸಿರು ಕಟ್ಟುತ್ತಾ?” ಅಂತಲೂ ಕೇಳಿ. ಹೌದು ಅಂದರೆ ಡಾಕ್ಟರ ಹತ್ತಿರ ಕಳಿಸಿ. ಎದೆನೋವು ಬಂದು ನಿಲ್ಲದಿದ್ದರೆ ವಾಚು ನೋಡುತ್ತಾ ಕೂರದೆ 108ಕ್ಕೆ ಫೋನ್ ಮಾಡಲು ಹೇಳಿ.