ಉಚಿತ ವಿಮಾನ ಟಿಕೆಟಿನ ಬೆಲೆ

2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಗೊಂಡ ಬಳಿಕ ಗೋವಿನಕೋವಿಯಂತಹ ಊರುಗಳಿಗೂ ವಿಮಾನಯಾನ ಸಮೀಪವಾಗಿದೆ. ಖರ್ಚು ಮಾಡಿದಷ್ಟೂ ‘ಏರ್ ಮೈಲು’ ನೀಡುವ ಕ್ರೆಡಿಟ್ ಕಾರ್ಡುಗಳ ಆಮಿಷವೂ ನಮ್ಮ ಮನೆಗಳನ್ನು ತಲುಪಿದೆ. ಮಕ್ಕಳು ದೂರದೇಶದಲ್ಲಿ ದುಡಿಯುತ್ತಿರುವ ಕುಟುಂಬಗಳಿಗೆ ಇದು ಸಹಜವಾಗಿಯೇ ಆಕರ್ಷಕ. ಆದರೆ ಲೆಕ್ಕವೇನು?

ಕಾರ್ಡಿನ ವಾರ್ಷಿಕ ಶುಲ್ಕ 5,000 ರೂಪಾಯಿ ಎಂದಿಟ್ಟುಕೊಳ್ಳೋಣ. ಶೇ. 18 ಜಿಎಸ್‌ಟಿ ಸೇರಿ 5,900 ಆಗುತ್ತದೆ. ನೂರು ರೂಪಾಯಿ ಖರ್ಚಿಗೆ ಎರಡು ಮೈಲು ದೊರೆತು, ಮೈಲೊಂದಕ್ಕೆ 50 ಪೈಸೆ ಬೆಲೆ ಬಂದರೆ ನಮಗೆ ಮರಳುವುದು ನೂರಕ್ಕೆ ಒಂದೇ ರೂಪಾಯಿ. ಶುಲ್ಕ ಹುಟ್ಟಲೆಂದೇ ವರ್ಷಕ್ಕೆ 5,90,000 ರೂಪಾಯಿ ವ್ಯಯಿಸಬೇಕು! ಮೈಲಿನಿಂದ ಪಡೆದ ಟಿಕೆಟಿಗೂ ಸಾಮಾನ್ಯವಾಗಿ ತೆರಿಗೆ ತೆರಬೇಕು. ಬಾಕಿ ಉಳಿಸಿದರಂತೂ ತಿಂಗಳಿಗೆ ಶೇ. 3.5ರ ಬಡ್ಡಿ ವರ್ಷಕ್ಕೆ ಶೇ. 42 ಆಗುತ್ತದೆ, ಕೂಡಿಟ್ಟ ಮೈಲುಗಳೆಲ್ಲ ಅದರಲ್ಲೇ ಕರಗುತ್ತವೆ.

ಹೇಗಿದ್ದರೂ ಮಾಡಬೇಕಾದ ಖರ್ಚು, ಹೇಗಿದ್ದರೂ ಹೊರಡಬೇಕಾದ ಪ್ರಯಾಣ, ಗಡುವಿನೊಳಗೆ ಪೂರ್ತಿ ಪಾವತಿ: ಈ ಮೂರೂ ಇದ್ದು, ಮರಳುವ ಮೊತ್ತ ಶುಲ್ಕವನ್ನು ಮೀರಿದರೆ ಕಾರ್ಡು ಲಾಭದಾಯಕವೇ. ಮೈಲಿಗಾಗಿಯೇ ಖರ್ಚಿಗಿಳಿದರೆ ಸಾಧನವೇ ಗುರಿಯ ಪೀಠವನ್ನೇರಿದಂತೆ. ಅಂಥವರು ಟಿಕೆಟನ್ನು ಹಣ ಕೊಟ್ಟು ಕೊಳ್ಳುವುದೇ ಅಗ್ಗವೆಂದು ನಮ್ಮ ಅಭಿಪ್ರಾಯ.