ಹಳೆಯ ವಸತಿ ಕಟ್ಟಡಗಳಲ್ಲಿ ತುಕ್ಕು ಹಿಡಿದ ನೀರಿನ ಕೊಳವೆಗಳ ಬದಲಾವಣೆ – ಸಾರ್ವಜನಿಕರಿಗೆ ಮಾಹಿತಿ

ಬೆಂಗಳೂರು ನಗರಕ್ಕೆ ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರಲಾಗುತ್ತದೆ. ಇಷ್ಟು ಶ್ರಮದಿಂದ ಶುದ್ಧೀಕರಿಸಿ ತಂದ ನೀರು ಕಟ್ಟಡದೊಳಗಿನ ಕೊನೆಯ ಕೆಲವು ಮೀಟರುಗಳಲ್ಲಿ ಸೋರಿಹೋಗುವುದು ಅಥವಾ ಮಲಿನಗೊಳ್ಳುವುದು ವಿಷಾದಕರ. ಬಸವನಗುಡಿ, ಮಲ್ಲೇಶ್ವರ, ಜಯನಗರ, ರಾಜಾಜಿನಗರ ಮುಂತಾದ ಹಳೆಯ ಬಡಾವಣೆಗಳ ಅನೇಕ ಮನೆಗಳಲ್ಲಿ ಕಟ್ಟಡ ಕಟ್ಟಿದಾಗ ಅಳವಡಿಸಿದ ಸತು ಲೇಪಿತ ಕಬ್ಬಿಣದ (ಜಿ.ಐ.) ಕೊಳವೆಗಳು ಇನ್ನೂ ಬಳಕೆಯಲ್ಲಿವೆ. ಇವುಗಳನ್ನು ಯಾವಾಗ ಮತ್ತು ಹೇಗೆ ಬದಲಾಯಿಸಬೇಕೆಂಬ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಕೊಳವೆ ಕೆಡಲು ಕಾರಣ

ಜಿ.ಐ. ಕೊಳವೆಯ ಸತುವಿನ ಲೇಪನವು ತಾನು ಸವೆದು ಕಬ್ಬಿಣವನ್ನು ಕಾಪಾಡುತ್ತದೆ. ಲೇಪನ ಮುಗಿದ ನಂತರ ಕಬ್ಬಿಣ ತುಕ್ಕು ಹಿಡಿಯಲಾರಂಭಿಸುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಸ್ಥಳ ಆಕ್ರಮಿಸುವುದರಿಂದ ಕೊಳವೆಯ ಒಳಭಾಗ ಗಂಟುಗಂಟಾಗಿ ಕಿರಿದಾಗುತ್ತದೆ. 15 ಮಿ.ಮೀ. ಒಳವ್ಯಾಸ 7.5 ಮಿ.ಮೀ.ಗೆ ಇಳಿದರೆ ನೀರು ಹರಿಯುವ ಜಾಗ ಅರ್ಧವಲ್ಲ, ನಾಲ್ಕನೇ ಒಂದು ಭಾಗ ಮಾತ್ರ ಉಳಿಯುತ್ತದೆ.

ಮರೆ ಕೊರೆದ ಜೋಡಣೆಗಳಲ್ಲಿ ಲೋಹ ತೆಳುವಾಗಿದ್ದು ಲೇಪನವೂ ಕತ್ತರಿಸಿಹೋಗಿರುವುದರಿಂದ ಸೋರಿಕೆ ಸಾಮಾನ್ಯವಾಗಿ ಅಲ್ಲಿಯೇ ಮೊದಲು ಕಾಣುತ್ತದೆ. ನೀರು ದಿನವಿಡೀ ಬಾರದೆ ಕೊಳವೆ ಆಗಾಗ್ಗೆ ಖಾಲಿಯಾಗುವ ಕಡೆ, ತೇವ ಮತ್ತು ಗಾಳಿ ಸೇರಿ ತುಕ್ಕು ಶೀಘ್ರವಾಗಿ ಬೆಳೆಯುತ್ತದೆ.

ಆರೋಗ್ಯಕ್ಕೆ ಇರುವ ಅಪಾಯ

ಬೆಳಿಗ್ಗೆ ಮೊದಲು ಬರುವ ಕಂದು ನೀರು ಬಟ್ಟೆಗೆ ಕಲೆ, ಬಾಯಿಗೆ ಲೋಹದ ರುಚಿ ನೀಡುತ್ತದೆ. ಆದರೆ ಇದಕ್ಕಿಂತ ಗಂಭೀರವಾದುದು ಕಣ್ಣಿಗೆ ಕಾಣದ ತೂತು. ನೀರು ಬರುವಾಗ ಕೊಳವೆಯಿಂದ ಹೊರಕ್ಕೆ ಸೋರುವ ಅದೇ ತೂತಿನ ಮೂಲಕ, ಸರಬರಾಜು ನಿಂತು ಒತ್ತಡ ಇಳಿದಾಗ ಸುತ್ತಲಿನ ಕೊಳಕು ನೀರು ಒಳಕ್ಕೆ ಸೆಳೆಯಲ್ಪಡಬಹುದು. ಚರಂಡಿಯ ಸಮೀಪ ಹಾದುಹೋಗುವ ಸಂಪಿನ ಕೊಳವೆಗಳ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ವಾಂತಿಭೇದಿ, ಕಾಮಾಲೆ ಮತ್ತು ವಿಷಮಶೀತ ಜ್ವರ ಇಂತಹ ನೀರಿನಿಂದ ಹರಡುತ್ತವೆ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

1. ಎಲ್ಲಾ ನಲ್ಲಿಗಳನ್ನು ಮುಚ್ಚಿ ರಾತ್ರಿ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟವನ್ನು ಗುರುತು ಮಾಡಬೇಕು. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಸೋರಿಕೆ ಇದೆಯೆಂದು ತಿಳಿಯಬೇಕು.
2. ನೀರು ಬರುವ ಸಮಯದಲ್ಲಿ ಸಂಪು ಮತ್ತು ಟ್ಯಾಂಕಿಗೆ ಹೋಗುವ ವಾಲ್ವುಗಳನ್ನೂ ನೇರ ಸಂಪರ್ಕದ ನಲ್ಲಿಗಳನ್ನೂ ಮುಚ್ಚಿ ಮೀಟರನ್ನು ಗಮನಿಸಬೇಕು. ಅದು ತಿರುಗುತ್ತಿದ್ದರೆ ಮೀಟರಿನ ನಂತರದ ಕೊಳವೆ ಸೋರುತ್ತಿದೆ.
3. ಒಂದೇ ಮಹಡಿಯ ಪ್ರತಿ ನಲ್ಲಿಯಲ್ಲಿ ಒಂದು ಬಕೆಟ್ ತುಂಬಲು ಬೇಕಾಗುವ ಸಮಯವನ್ನು ಬರೆದಿಡಬೇಕು. ಹೆಚ್ಚು ಸಮಯ ತೆಗೆದುಕೊಳ್ಳುವ ನಲ್ಲಿಯ ಕೊಳವೆ ಕಟ್ಟಿಕೊಂಡಿರುವ ಸಂಭವವಿದೆ.

ಗಂಟೆಗೆ ಒಂದು ಲೀಟರ್ ಸೋರಿಕೆಯೆಂದರೆ 30 ದಿನಗಳಿಗೆ 720 ಲೀಟರ್.

ತೇಪೆಯೋ, ಪೂರ್ಣ ಬದಲಾವಣೆಯೋ

ಒಂದು ಕಡೆ ತೂತು ಬಿದ್ದಾಗ ಅಷ್ಟನ್ನೇ ಕತ್ತರಿಸಿ ಹೊಸ ತುಂಡು ಜೋಡಿಸುವುದು ವಾಡಿಕೆ. ಆದರೆ ಅದೇ ವಯಸ್ಸಿನ ಉಳಿದ ಕೊಳವೆಯೂ ಅದೇ ಸ್ಥಿತಿಯಲ್ಲಿರುತ್ತದೆ. ಮತ್ತೆ ಮತ್ತೆ ಗೋಡೆ ಒಡೆಯುವ, ಟೈಲ್ಸ್ ಹಾಕಿಸುವ, ಬಣ್ಣ ಬಳಿಸುವ ಖರ್ಚನ್ನು ಕೂಡಿಸಿದರೆ ತೇಪೆಯ ಕೆಲಸವೇ ದುಬಾರಿಯಾಗುತ್ತದೆ. ಎರಡು ಮೂರು ಕಡೆ ಸೋರಿಕೆ ಕಂಡ ಸಾಲನ್ನು ಪೂರ್ಣವಾಗಿ ಬದಲಾಯಿಸುವುದು ಸೂಕ್ತ. ಹಣದ ಅಡಚಣೆಯಿದ್ದಲ್ಲಿ ಸಂಪಿನ ಕೊಳವೆ, ಟ್ಯಾಂಕಿನಿಂದ ಇಳಿಯುವ ಮುಖ್ಯ ಸಾಲು, ನಂತರ ಅಡುಗೆಮನೆ ಮತ್ತು ಸ್ನಾನಗೃಹ ಎಂಬ ಕ್ರಮದಲ್ಲಿ ಹಂತಹಂತವಾಗಿ ಮಾಡಿಸಬಹುದು.

ಕೊಳವೆಗಳ ಆಯ್ಕೆ

ತಣ್ಣೀರಿಗೆ ಐ.ಎಸ್. 4985 ಗುರುತುಳ್ಳ ಯು.ಪಿ.ವಿ.ಸಿ. ಕೊಳವೆ ಹಾಗೂ ಬಿಸಿನೀರಿಗೆ ಐ.ಎಸ್. 15778 ಗುರುತುಳ್ಳ ಸಿ.ಪಿ.ವಿ.ಸಿ. ಕೊಳವೆ ಬಳಸಬಹುದು. ಗೀಸರ್ ಅಥವಾ ಸೋಲಾರ್ ಹೀಟರಿನ ಬಿಸಿನೀರಿಗೆ ಯು.ಪಿ.ವಿ.ಸಿ. ಕೊಳವೆಯನ್ನು ಬಳಸಬಾರದು. ಪಿ.ವಿ.ಸಿ. ಕೊಳವೆಗಳಲ್ಲಿ ಸೀಸದ ಬಳಕೆಯನ್ನು ನಿಯಂತ್ರಿಸಲು ಕೇಂದ್ರ ಸರ್ಕಾರವು 2021ರಲ್ಲಿ ನಿಯಮಗಳನ್ನು ಹೊರಡಿಸಿದ್ದು, ಸೀಸರಹಿತ ಕೊಳವೆಯನ್ನೇ ಕೇಳಿ ಪಡೆಯಬೇಕು. ಬಿಸಿಲಿಗೆ ಒಡ್ಡಿರುವ ಕೊಳವೆಗಳಿಗೆ ನೀರು ಆಧಾರಿತ ಬಣ್ಣ ಬಳಿಸಬೇಕು.

ವಿದ್ಯುತ್ ಅರ್ತಿಂಗ್ – ಅತಿ ಮುಖ್ಯ ಸೂಚನೆ

ಕೆಲವು ಹಳೆಯ ಮನೆಗಳಲ್ಲಿ ಅರ್ತಿಂಗ್ ತಂತಿಯನ್ನು ಪ್ರತ್ಯೇಕ ಅರ್ತ್ ಗುಂಡಿಗೆ ಜೋಡಿಸದೆ ಕಬ್ಬಿಣದ ನೀರಿನ ಕೊಳವೆಗೇ ಬಿಗಿಯಲಾಗಿರುತ್ತದೆ. ನಡುವೆ ಒಂದು ತುಂಡು ಪ್ಲಾಸ್ಟಿಕ್ ಕೊಳವೆ ಹಾಕಿದರೂ ಈ ಸಂಪರ್ಕ ಕಡಿದುಹೋಗುತ್ತದೆ. ದೀಪ, ಫ್ಯಾನುಗಳು ಎಂದಿನಂತೆ ಕೆಲಸ ಮಾಡುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ. ಮುಂದೊಂದು ದಿನ ಗೀಸರಿನಲ್ಲಿ ದೋಷ ಉಂಟಾದಾಗ ಒದ್ದೆ ಕೈಯಿಂದ ನಲ್ಲಿ ಮುಟ್ಟಿದವರ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಕೊಳವೆಗೆ ಕೈಹಾಕುವ ಮೊದಲೇ ಪರವಾನಗಿ ಹೊಂದಿದ ಎಲೆಕ್ಟ್ರಿಷಿಯನ್‌ರಿಂದ ಅರ್ತಿಂಗ್ ಪರೀಕ್ಷಿಸಿ, ಅಗತ್ಯವಿದ್ದಲ್ಲಿ ಪ್ರತ್ಯೇಕ ಅರ್ತ್ ಮಾಡಿಸತಕ್ಕದ್ದು.

ಕಾಮಗಾರಿಯಲ್ಲಿ ಗಮನಿಸಬೇಕಾದ ಅಂಶಗಳು

1. ಕಂಬ ಮತ್ತು ತೊಲೆಗಳನ್ನು ಕೊರೆಯಬಾರದು. ಸಾಧ್ಯವಾದಷ್ಟೂ ಹೊಸ ಕೊಳವೆಯನ್ನು ಗೋಡೆಯ ಹೊರಗೆ ಅಳವಡಿಸಬೇಕು.
2. ಜೋಡಣೆಯ ಅಂಟು ಪೂರ್ಣ ಒಣಗಿದ ಮೇಲೆ ಒತ್ತಡದ ಪರೀಕ್ಷೆ ನಡೆಸಿ, ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಗೋಡೆ ಮುಚ್ಚಬೇಕು.
3. ಕುಡಿಯಲು ಬಳಸುವ ಮೊದಲು ಟ್ಯಾಂಕನ್ನು ತೊಳೆದು, ಬ್ಲೀಚಿಂಗ್ ಪೌಡರ್ ದ್ರಾವಣವನ್ನು ಕೊಳವೆಗಳಲ್ಲಿ ಹರಿಸಿ, ವಾಸನೆ ಹೋಗುವವರೆಗೆ ಶುದ್ಧ ನೀರು ಬಿಡಬೇಕು.
4. ಹೊಸ ಸಾಲುಗಳ ನಕ್ಷೆ ಬರೆದು ಮನೆಯ ದಾಖಲೆಗಳೊಂದಿಗೆ ಇಡಬೇಕು.

ಜವಾಬ್ದಾರಿ ಯಾರದು

ಕಟ್ಟಡದೊಳಗಿನ ಕೊಳವೆಗಳ ನಿರ್ವಹಣೆ ಮಾಲೀಕರ ಜವಾಬ್ದಾರಿಯಾಗಿರುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯ ಬಳಕೆಯ ಟ್ಯಾಂಕು, ಪಂಪು ಹಾಗೂ ಮುಖ್ಯ ಕೊಳವೆಗಳು ಎಲ್ಲ ಮಾಲೀಕರಿಗೂ ಸೇರಿದವು. ಒಬ್ಬರೇ ತಮ್ಮ ಮನೆಯೊಳಗಿನ ಕೊಳವೆ ಬದಲಾಯಿಸಿದರೆ ಮುಖ್ಯ ಸಾಲಿನ ದೋಷ ಸರಿಹೋಗುವುದಿಲ್ಲ. ಆದ್ದರಿಂದ ಸಂಘದ ಸಭೆಯಲ್ಲಿ ಚರ್ಚಿಸಿ, ಅಂದಾಜು ಪಟ್ಟಿ ಪಡೆದು, ಒಟ್ಟಾಗಿ ಕೆಲಸ ಮಾಡಿಸುವುದು ಉತ್ತಮ.

ಮೀಟರ್ ಅಥವಾ ರಸ್ತೆ ಬದಿಯ ಸಂಪರ್ಕದಲ್ಲಿ ಸೋರಿಕೆ ಕಂಡುಬಂದಲ್ಲಿ ಸ್ವತಃ ಅಗೆಯಬಾರದು. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಸಹಾಯವಾಣಿ 1916ಕ್ಕೆ ತಿಳಿಸತಕ್ಕದ್ದು. ಕೊಳವೆ ಒಡೆಯುವವರೆಗೆ ಕಾಯದೆ, ಮುಂಚಿತವಾಗಿ ಪರೀಕ್ಷಿಸಿ ಕ್ರಮ ಕೈಗೊಳ್ಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.